ಹೂವು ಚಿಟ್ಟೆಗೆ, ಎಲೆ ಅದರ ಮರಿಗೆ

ಹುಳು ಹೇಗೆ ಬೆಳೆಯುತ್ತದೆ ಎಂಬುದನ್ನು ಮಳವಳ್ಳಿ ಸೀಮೆಯ ಮಕ್ಕಳಿಗೆ ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ಹೇಳಿಕೊಡಬೇಕಾಗಿಲ್ಲ. ರೇಷ್ಮೆ ಸಾಕುವ ಮನೆಯಲ್ಲಿ ಹುಟ್ಟಿದವರು, ಇಲ್ಲವೇ ಅಂಥ ಮನೆಯ ಪಕ್ಕದಲ್ಲಿ ಬೆಳೆದವರು ಇಲ್ಲಿ ಬಹಳ. ಹುಳು ನಾಲ್ಕು ಸಲ ಜ್ವರಕ್ಕೆ ಕೂರುವುದು, ಪೊರೆ ಕಳಚುವುದು, ಹಣ್ಣಾದ ಮೇಲೆ ಚಂದ್ರಿಕೆಯಲ್ಲಿ ಗೂಡು ಕಟ್ಟುವುದು ಎಲ್ಲವೂ ಅವರಿಗೆ ಗೊತ್ತು. ಹಿಪ್ಪುನೇರಳೆ ಸೊಪ್ಪಿಲ್ಲದೆ ರೇಷ್ಮೆ ಇಲ್ಲ ಎಂಬುದೂ ಗೊತ್ತು. ಇಷ್ಟು ತಿಳಿದವರಿಗೆ ಮನೆಯ ಮುಂದೆ ಚಿಟ್ಟೆತೋಟ ಮಾಡುವುದು ಕಷ್ಟದ ಕೆಲಸವಲ್ಲ. ಆದರೂ ಹೂಗಿಡ ನೆಟ್ಟವರಲ್ಲಿ ಹಲವರು, ‘ಚಿಟ್ಟೆ ಬರುತ್ತದೆ, ನಿಲ್ಲುವುದಿಲ್ಲ’ ಎನ್ನುತ್ತಾರೆ. ಏಕೆ ನಿಲ್ಲುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ರೇಷ್ಮೆ ಮನೆಯಲ್ಲೇ ಇದೆ.

ರೇಷ್ಮೆ ಪತಂಗ ಗೂಡಿನಿಂದ ಹೊರಬಂದ ಮೇಲೆ ಏನನ್ನೂ ತಿನ್ನುವುದಿಲ್ಲ. ಜೋಡಿಯಾಗಿ, ಮೊಟ್ಟೆಯಿಟ್ಟು ಕೆಲವೇ ದಿನಗಳಲ್ಲಿ ಸಾಯುತ್ತದೆ. ಚಿಟ್ಟೆ ಹಾಗಲ್ಲ. ಅದಕ್ಕೆ ಗಡಿಯಾರದ ಸ್ಪ್ರಿಂಗಿನಂತೆ ಸುರುಳಿ ಸುತ್ತಿಕೊಳ್ಳುವ ಹೀರುಗೊಳವೆಯಿದೆ. ಹಾರಾಡುವ ಶಕ್ತಿಗೆ ಮಕರಂದ ಬೇಕು. ಆದ್ದರಿಂದ ಅದು ಹೂವಿಗೆ ಬರುತ್ತದೆ. ಆದರೆ ಅದರ ಮರಿ, ಅಂದರೆ ಕಂಬಳಿಹುಳು, ರೇಷ್ಮೆ ಹುಳುವಿನಂತೆಯೇ ಎಲೆ ತಿಂದು ಬೆಳೆಯಬೇಕು. ಅದೂ ಕಂಡ ಕಂಡ ಎಲೆಯಲ್ಲ, ತನಗೆ ಒಗ್ಗಿದ ಕೆಲವೇ ಗಿಡಗಳ ಎಲೆ. ಹೂವು ಮಾತ್ರ ಇರುವ ಅಂಗಳ ಚಿಟ್ಟೆಗೆ ಹೋಟೆಲಿದ್ದಂತೆ. ಉಂಡು ಮುಂದೆ ಹೋಗುತ್ತದೆ. ಎಲೆಯೂ ಇದ್ದರೆ ಅದು ಮನೆಯಾಗುತ್ತದೆ.

ಕುಳ್ಳ ಹೂಗಿಡಗಳು

ಮೊದಲು ಹೂವಿನ ಮಾತು. ಹತ್ತಡಿ ಉದ್ದ, ಆರಡಿ ಅಗಲದ ಜಾಗ ಸಾಕು. ಚಿಟ್ಟೆ ತಣ್ಣನೆಯ ರಕ್ತದ ಜೀವಿ. ಬೆಳಗಿನ ಬಿಸಿಲಿಗೆ ರೆಕ್ಕೆ ಚಾಚಿ ಮೈ ಕಾಯಿಸಿಕೊಂಡ ಮೇಲೆಯೇ ಚುರುಕಾಗಿ ಹಾರಬಲ್ಲದು. ಆದ್ದರಿಂದ ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವ, ಆಷಾಢದ ಗಾಳಿಗೆ ಗೋಡೆಯೋ ಬೇಲಿಯೋ ಅಡ್ಡವಿರುವ ಜಾಗ ಆರಿಸಿಕೊಳ್ಳಿ.

ಹಿಂದಿನ ಸಾಲಿಗೆ ರತ್ನಗಂಧಿ ಒಳ್ಳೆಯದು. ಎತ್ತರ ಹೋಗದಂತೆ ಆಗಾಗ ಸವರುತ್ತಿರಬೇಕು. ನಡುವೆ ಸಣ್ಣ ಎಲೆಯ ಕೇಪಳ (ನರ್ಸರಿಯವರು ಇಕ್ಸೋರ ಎನ್ನುತ್ತಾರೆ) ಮತ್ತು ಪೆಂಟಾಸ್. ಇವುಗಳ ಹೂವು ಗೊಂಚಲು ಗೊಂಚಲಾಗಿ ಬರುವುದರಿಂದ ಚಿಟ್ಟೆ ಒಂದೇ ಕಡೆ ಕುಳಿತು ಹಲವು ಹೂಗಳಿಗೆ ಗೊಳವೆ ಇಳಿಸಬಹುದು. ಮುಂದಿನ ಸಾಲಿಗೆ ನಿತ್ಯಪುಷ್ಪ, ಚೆಂಡುಹೂ. ಚೆಂಡುಹೂವಿನಲ್ಲಿ ಒಂದೇ ಸುತ್ತು ಎಸಳಿನ ಜಾತಿಯನ್ನು ಹುಡುಕಿ ತನ್ನಿ. ಎಸಳು ಕಿಕ್ಕಿರಿದ ಮುದ್ದೆ ಹೂ ನೋಡಲು ಚೆಂದವಾದರೂ ಚಿಟ್ಟೆಗೆ ಅದರಲ್ಲಿ ಮಕರಂದ ಸಿಗುವುದು ಕಷ್ಟ.

ಮುಂಗಾರಿನ ಮೊದಲ ಹದ ಮಳೆಯಾದ ಮೇಲೆ, ಒಂದಡಿ ಗುಣಿ ತೆಗೆದು, ಕೊಟ್ಟಿಗೆ ಗೊಬ್ಬರ ಬೆರೆಸಿ, ಎರಡಡಿ ಅಂತರದಲ್ಲಿ ನೆಡಿ. ಹೂವು ಬಾಡಿದ ಗೊಂಚಲನ್ನು ಕತ್ತರಿಸುತ್ತಿದ್ದರೆ ಗಿಡ ಕುಳ್ಳಾಗಿ, ಗುಂಪಾಗಿ, ಮತ್ತೆ ಮತ್ತೆ ಹೂ ಬಿಡುತ್ತದೆ. ಚಿಟ್ಟೆ ಮುತ್ತುತ್ತದೆಂದು ಲಂಟಾನವನ್ನು ಮಾತ್ರ ತಂದು ನೆಡಬೇಡಿ. ಅಲಂಕಾರಕ್ಕೆಂದು ಹೊರದೇಶದಿಂದ ಬಂದ ಈ ಗಿಡ ನಮ್ಮ ಕಾಡುಗಳನ್ನು ಎಷ್ಟು ಆವರಿಸಿದೆಯೆಂಬುದನ್ನು ಮಲೆ ಮಹದೇಶ್ವರ ಬೆಟ್ಟದ ದಾರಿಯಲ್ಲಿ ಹೋದವರೆಲ್ಲ ಕಂಡಿದ್ದಾರೆ.

ಮರಿಯ ಊಟದ ಎಲೆ

ಈಗ ಎಲೆಯ ಮಾತು. ಕರಿಬೇವು ಮತ್ತು ನಿಂಬೆ ಗಿಡಕ್ಕೆ ಲೈಮ್ ಬಟರ್‌ಫ್ಲೈ ಮತ್ತು ಕಾಮನ್ ಮಾರ್ಮನ್ ಎಂಬ ಎರಡು ಚೆಲುವಾದ ಚಿಟ್ಟೆಗಳು ಮೊಟ್ಟೆಯಿಡುತ್ತವೆ. ಹೆಣ್ಣು ಚಿಟ್ಟೆ ಮುಂಗಾಲಿನಿಂದ ಎಲೆಯನ್ನು ತಟ್ಟಿ ತಟ್ಟಿ ರುಚಿ ನೋಡುತ್ತದೆ. ತನ್ನ ಮರಿಗೆ ಆಗುವ ಎಲೆ ಹೌದೆಂದು ತಿಳಿದ ಮೇಲೆಯೇ ಮೊಟ್ಟೆ. ಎಳೆಯ ಮರಿ ಹಕ್ಕಿಯ ಹಿಕ್ಕೆಯಂತೆ ಕಾಣುವುದರಿಂದ ಹಕ್ಕಿಗಳು ಮೋಸಹೋಗುತ್ತವೆ. ದೊಡ್ಡದಾದಾಗ ಎಲೆಯದೇ ಹಸಿರು. ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೋಡು ಚಾಚಿ ಕಟುವಾಸನೆ ಬೀರುತ್ತದೆ.

ಹೊಲದ ಬದುವಿನ ತಂಗಡಿಯನ್ನು ನೋಡಿ. ಹಳದಿ ಹೂವು ತುಂಬಿದ್ದರೂ ಅದರಲ್ಲಿ ಮಕರಂದವಿಲ್ಲ. ಆದರೂ ತಿಳಿ ಬಣ್ಣದ ಮಾಟಲ್ಡ್ ಎಮಿಗ್ರೆಂಟ್ ಚಿಟ್ಟೆ ಅದನ್ನು ಸುತ್ತುವುದು ಎಲೆಗಾಗಿ. ಕಡಿಮೆ ನೀರಿಗೂ ಬಾಳುವ ಈ ಕುಳ್ಳ ಗಿಡ ನಮ್ಮ ಕೆಂಪು ಮಣ್ಣಿಗೆ ಹೇಳಿ ಮಾಡಿಸಿದ್ದು. ರಸ್ತೆ ಬದಿಯ ಎಕ್ಕ ಪ್ಲೇನ್ ಟೈಗರ್ ಚಿಟ್ಟೆಯ ತೊಟ್ಟಿಲು. ಎಕ್ಕದ ವಿಷ ಮರಿಯ ಮೈಸೇರಿ ಚಿಟ್ಟೆಯಲ್ಲೂ ಉಳಿಯುವುದರಿಂದ ಒಮ್ಮೆ ತಿಂದ ಹಕ್ಕಿ ಮತ್ತೆ ಅದರ ತಂಟೆಗೆ ಹೋಗದು. ಡನೇಡ್ ಎಗ್‌ಫ್ಲೈ ಎಂಬ ಇನ್ನೊಂದು ಚಿಟ್ಟೆಗೆ ವಿಷವಿಲ್ಲ. ಅದರ ಹೆಣ್ಣು ಪ್ಲೇನ್ ಟೈಗರಿನ ವೇಷ ಹಾಕಿ ಬದುಕುತ್ತದೆ. ಅದರ ಮರಿ ತಿನ್ನುವುದು ನಾವು ಸಾರಿಗೆ ಹಾಕುವ ಗೋಣಿಸೊಪ್ಪನ್ನು! ಕಣಗಿಲೆಯಲ್ಲಿ ಕಾಮನ್ ಕ್ರೋ ಬೆಳೆಯುತ್ತದೆ. ಎಕ್ಕದ ಹಾಲು ಕಣ್ಣಿಗೆ ಅಪಾಯ, ಕಣಗಿಲೆ ಇಡೀ ಗಿಡವೇ ವಿಷ. ಮಕ್ಕಳು ಇವನ್ನು ಮುಟ್ಟಿದರೆ ಕೈ ತೊಳೆಯಲೇಬೇಕು.

ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್‌ನ ಮರಿಗೆ ಈಶ್ವರಿ ಬಳ್ಳಿ ಮತ್ತು ಅದರ ಬಳಗದ ಬಳ್ಳಿಗಳೇ ಬೇಕು. 2006ರಲ್ಲಿ ಆರಂಭವಾದ ಬನ್ನೇರುಘಟ್ಟದ ಚಿಟ್ಟೆ ಉದ್ಯಾನದಲ್ಲಿ ಗುಮ್ಮಟದ ಕೆಳಗೆ ಚಿಟ್ಟೆಗಳನ್ನು ಸಾಕುತ್ತಾರೆ. ದಕ್ಷಿಣ ಕನ್ನಡದ ಬೆಳುವಾಯಿಯಲ್ಲಿ ಸಮ್ಮಿಲನ್ ಶೆಟ್ಟಿಯವರ ಉದ್ಯಾನಕ್ಕೆ ಬಲೆಯೂ ಇಲ್ಲ, ಗುಮ್ಮಟವೂ ಇಲ್ಲ. ಹೂವನ್ನೂ ಎಲೆಯನ್ನೂ ಬೆಳೆಸಿದ ಬಯಲಿಗೆ ಚಿಟ್ಟೆಗಳು ತಾವಾಗಿ ಬರುತ್ತವೆ. ನಮ್ಮ ಅಂಗಳಕ್ಕೆ ಹೊಂದುವುದು ಈ ಎರಡನೆಯ ದಾರಿ.

ಪೋಷಕರಿಗೆ ಒಂದು ಮಾತು

ಕರಿಬೇವಿನ ಚಿಗುರನ್ನು ಹುಳು ತಿಂದರೆ ಅಮ್ಮನಿಗೆ ಸಿಟ್ಟು ಬರುವುದು ಸಹಜ. ಕೂಡಲೇ ಅಪ್ಪ ಔಷಧಿ ಡಬ್ಬಿ ತೆಗೆಯುತ್ತಾರೆ. ಹಿಪ್ಪುನೇರಳೆ ತೋಟದ ಪಕ್ಕ ಔಷಧಿ ಹೊಡೆದರೆ ಇಡೀ ಬೆಳೆಯೇ ಹೋಗುತ್ತದೆಂದು ಜಗಳವಾಡುವ ನಾವು, ಅಂಗಳದ ಗಿಡಕ್ಕೆ ಹೊಡೆಯುವಾಗ ಅದನ್ನು ಮರೆಯಬಾರದು. ಹೂವಿಗೆಂದು ಕರೆದ ಅತಿಥಿಯ ಮಗುವಿಗೆ ಎಲೆಯಲ್ಲಿ ವಿಷವಿಟ್ಟಂತೆ ಆಗುತ್ತದೆ. ಚೆನ್ನಾಗಿ ಬೆಳೆದ ಕರಿಬೇವಿಗೆ ನಾಲ್ಕಾರು ಹುಳುಗಳಿಂದ ಏನೂ ಆಗದು, ಮತ್ತೆ ಚಿಗುರುತ್ತದೆ. ಹುಳುಗಳಲ್ಲಿ ಹೆಚ್ಚಿನವು ಕಣಜ, ಜೇಡ, ಹಕ್ಕಿಗಳ ಪಾಲಾಗುತ್ತವೆ. ಎರಡು ಗಿಡ ನೆಡಿ: ಒಂದು ಒಗ್ಗರಣೆಗೆ, ಒಂದು ಚಿಟ್ಟೆಗೆ. ಅಡಿಗೆಯ ಗಿಡದಲ್ಲಿ ಹುಳು ಕಂಡರೆ ಎಲೆ ಸಮೇತ ಎತ್ತಿ ಇನ್ನೊಂದಕ್ಕೆ ಬಿಟ್ಟರಾಯಿತು.

ವಿದ್ಯಾರ್ಥಿಗಳೇ, ಒಂದು ಮರಿಯನ್ನು ತೆಳು ಬಟ್ಟೆ ಕಟ್ಟಿದ ಡಬ್ಬಿಯಲ್ಲಿಟ್ಟು ದಿನವೂ ಹೊಸ ಎಲೆ ಕೊಡಿ. ಕರಿಬೇವಿನ ಹುಳುವಿಗೆ ಕರಿಬೇವನ್ನೇ ಹಾಕಿ. ನೋಟ್‌ಬುಕ್ಕಿನಲ್ಲಿ ತಾರೀಖು, ಉದ್ದ, ಬಣ್ಣ, ಪೊರೆ ಕಳಚಿದ ದಿನ ಬರೆಯಿರಿ. ರೇಷ್ಮೆ ಹುಳುವಿನ ಲೆಕ್ಕದ ಪಕ್ಕದಲ್ಲಿಟ್ಟು ಹೋಲಿಸಿ. ಮೊಟ್ಟೆಯಿಂದ ಚಿಟ್ಟೆಯಾಗಲು ಸುಮಾರು ಒಂದು ತಿಂಗಳು. ರೆಕ್ಕೆ ಒಣಗಿದ ಮೇಲೆ ಅದನ್ನು ನೀವೇ ನೆಟ್ಟ ಕೇಪಳದ ಗೊಂಚಲಿನ ಮೇಲೆ ಬಿಡಿ.