ಬ್ರೌಸರಿನ ಕಾವಲೂ ನಡುವಿನ ದೂತನೂ

ಮುಂಬಯಿಯ ಕನ್ನಡ ಸಂಘವೊಂದರ ಜಾಲಪುಟದಲ್ಲಿ ಮಳೆಯ ಮುನ್ಸೂಚನೆಯನ್ನು ತೋರಿಸಬೇಕೆಂದು ತರುಣನೊಬ್ಬನು ಹವಣಿಸುವನೆಂದು ಭಾವಿಸೋಣ. ಅಂಕಿಗಳು ಬೇರೊಂದು ಸಂಸ್ಥೆಯ ಸರ್ವರಿನಲ್ಲಿವೆ. ಆ ವಿಳಾಸವನ್ನು ನೇರವಾಗಿ ತೆರೆದರೆ ಅವು ಯಾರಿಗೂ ಕಾಣುತ್ತವೆ. ಆದರೆ ತನ್ನ ಪುಟದೊಳಗಿನ ಜಾವಾಸ್ಕ್ರಿಪ್ಟಿನಿಂದ ಕೇಳಿದೊಡನೆಯೇ ಬ್ರೌಸರು ಅಡ್ಡಗಟ್ಟುತ್ತದೆ. ಇದಾವ ನ್ಯಾಯವೆಂದು ಅವನು ಬೇಸರಗೊಂಡರೆ ಆಶ್ಚರ್ಯವಿಲ್ಲ.

ಈ ನ್ಯಾಯಕ್ಕೆ ಕಾರಣವುಂಟು. 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯು ಜಾವಾಸ್ಕ್ರಿಪ್ಟನ್ನು ಹೊರತಂದ ಸ್ವಲ್ಪ ಕಾಲದಲ್ಲಿಯೇ ‘ಏಕಮೂಲ’ದ ಕಟ್ಟಳೆಯೂ ಬಂದಿತು. ಪ್ರೋಟೋಕಾಲ್, ಹೋಸ್ಟಿನ ಹೆಸರು, ಪೋರ್ಟ್ ಸಂಖ್ಯೆ ಈ ಮೂರೂ ಒಂದೇ ಆಗಿದ್ದರೆ ಮಾತ್ರ ಮೂಲ ಒಂದೇ. ಕಟ್ಟಳೆ ಇಲ್ಲದಿದ್ದಲ್ಲಿ, ನಾವು ಬ್ಯಾಂಕಿನ ಖಾತೆಗೆ ಲಾಗಿನ್ ಆಗಿರುವಾಗ ತೆರೆದ ಬೇರಾವುದೋ ಪುಟವು, ಕುಕಿ ಎಂಬ ಗುರುತುಚೀಟಿಯ ಬಲದಿಂದ ನಮ್ಮ ಲೆಕ್ಕವನ್ನೆಲ್ಲ ಓದಿಬಿಡಬಹುದಾಗಿತ್ತು.

ಮಾಹಿತಿಯ ಒಡೆಯರು ಪರರಿಗೆ ಪರವಾನಗಿ ನೀಡುವ ಕ್ರಮವೇ ‘ಕೋರ್ಸ್’. 2014ರಲ್ಲಿ ಇದು ಡಬ್ಲ್ಯೂ ತ್ರೀ ಸಿ ಮಂಡಲಿಯ ಶಿಫಾರಸಾಯಿತು. ಉತ್ತರದ ತಲೆಬರಹದಲ್ಲಿ, ಕೇಳಿದ ಪುಟದ ಮೂಲವನ್ನು ‘ಆಕ್ಸೆಸ್-ಕಂಟ್ರೋಲ್-ಅಲೋ-ಒರಿಜಿನ್’ ಎಂಬ ಸಾಲು ಹೆಸರಿಸಿದ್ದರೆ ಬ್ರೌಸರು ಉತ್ತರವನ್ನು ಒಪ್ಪಿಸುತ್ತದೆ. ಗುರುತುಚೀಟಿಯಿಲ್ಲದ ಕೋರಿಕೆಗೆ ನಕ್ಷತ್ರಚಿಹ್ನೆಯೂ ಸಾಕು.

ಆದರೆ ಈ ಕಾವಲು ಬ್ರೌಸರಿನದು. ಸರ್ವರು ಸರ್ವರನ್ನು ಕೇಳುವಾಗ ಅದರ ಮಾತೇ ಇಲ್ಲ. ಆದುದರಿಂದ ಒಡೆಯರ ಪರವಾನಗಿಯ ಸಾಲು ದೊರೆಯದಿದ್ದಾಗ, ತರುಣನು ಸಂಘದ ಸರ್ವರಿನಲ್ಲಿಯೇ ಪ್ರಾಕ್ಸಿಯೆಂಬ ದೂತನನ್ನು ನಿಲ್ಲಿಸಬಹುದು. ಪುಟವು ತನ್ನ ಮನೆಯ ಸರ್ವರನ್ನೇ ಕೇಳುತ್ತದೆ. ದೂತನು ಹೊರಗಿನಿಂದ ಅಂಕಿಗಳನ್ನು ತಂದೊಪ್ಪಿಸುತ್ತಾನೆ. ಮೂಲ ಒಂದೇ ಆದುದರಿಂದ ಬ್ರೌಸರಿಗೆ ಆಕ್ಷೇಪವಿಲ್ಲ.

ಎಚ್ಚರವಿರಬೇಕಾದುದು ಇಲ್ಲಿಯೇ. ಪುಕ್ಕಟೆಯಾಗಿ ದೊರೆಯುವ ಪರರ ಪ್ರಾಕ್ಸಿಯನ್ನು ನೆಚ್ಚಿದರೆ, ಅದರ ಮೂಲಕ ಸಾಗುವುದೆಲ್ಲವನ್ನೂ ಅದರ ಒಡೆಯನು ಓದಬಲ್ಲನು, ತಿದ್ದಲೂ ಬಲ್ಲನು. ಮಳೆಯ ಅಂಕಿ ತಪ್ಪಿದರೆ ಸದಸ್ಯರು ಒಂದು ದಿನ ನೆನೆದಾರು. ಅವರ ಗುಪ್ತಪದವೇ ಆ ದಾರಿಯಲ್ಲಿ ಸಾಗಿದರೆ ಹಾನಿ ಅಷ್ಟಕ್ಕೇ ನಿಲ್ಲದು. ಸ್ವಂತ ದೂತನೂ ಕೇಳಿದವರಿಗೆಲ್ಲ ಕೇಳಿದ ವಿಳಾಸದಿಂದ ತಂದುಕೊಡುವವನಾದರೆ, ಅಪರಿಚಿತರು ಅವನ ಮೂಲಕ ಸಂಘದ ಒಳಗಣ ಯಂತ್ರಗಳಿಗೇ ಕೈ ಹಾಕಿಯಾರು.

ಅದಕ್ಕಾಗಿ ನಿಗದಿಯಾದ ವಿಳಾಸಗಳಿಗೆ ಮಾತ್ರ ಅವನಿಗೆ ಅಪ್ಪಣೆಯಿರಲಿ. ಕೀಲಿಪದವು ಪುಟದಲ್ಲಿರದೆ ಸರ್ವರಿನಲ್ಲಿರಲಿ. ತಂದ ಉತ್ತರವನ್ನು ಕೆಲಕಾಲ ಕಾದಿರಿಸಿ, ಮಾಹಿತಿ ಕೊಡುವವರ ಹೊರೆಯನ್ನು ತಗ್ಗಿಸಲಿ. ಎಲ್ಲಕ್ಕೂ ಮೊದಲು ಅವರನ್ನು ಕೇಳುವುದು ಲೇಸು. ಸರ್ವರಿನಲ್ಲಿ ಅವರು ಸೇರಿಸುವ ಒಂದು ಸಾಲಿನಿಂದ ದೂತನ ಅಗತ್ಯವೇ ತಪ್ಪೀತು. ಇಷ್ಟನ್ನು ಮರೆತರೆ, ಬೇಲಿಯೇ ಎದ್ದು ಹೊಲ ಮೇಯ್ದಂತಾದೀತು.