ಉತ್ತರಿಸಿದರೆ ಸಾಲದು: ಜಾಲ ನಿರ್ವಹಣಾ ಏಜೆಂಟಿನ ಪರೀಕ್ಷೆ

ಬ್ಯಾಂಕು, ಆಸ್ಪತ್ರೆ, ರೈಲು ನಿಲ್ದಾಣಗಳ ಮೂಲೆಯಲ್ಲಿ ಮಿನುಗುತ್ತಿರುವ ರೂಟರ್, ಸ್ವಿಚ್ಚುಗಳೊಳಗೆ ಒಂದು ಪುಟ್ಟ ತಂತ್ರಾಂಶವಿರುತ್ತದೆ. ಸಾಧನ ಎಷ್ಟು ಹೊತ್ತಿನಿಂದ ನಡೆಯುತ್ತಿದೆ, ಯಾವ ಪೋರ್ಟ್ ಸ್ತಬ್ಧವಾಗಿದೆ, ಎಷ್ಟು ಬೈಟ್ ಒಳಬಂದಿದೆ ಎಂದು ದೂರದ ನಿರ್ವಹಣಾ ಕೇಂದ್ರವು ಕೇಳಿದಾಗ ಉತ್ತರಿಸುವುದು ಅದರ ಕೆಲಸ. ಅದನ್ನು ಏಜೆಂಟ್ ಎನ್ನುತ್ತಾರೆ. ಈ ಪ್ರಶ್ನೋತ್ತರಕ್ಕೆ 1988ರಲ್ಲಿ ರೂಪುಗೊಂಡ ನಿಯಮಾವಳಿಯೇ ಎಸ್‌ಎನ್‌ಎಂಪಿ. ಕೇಂದ್ರದಲ್ಲಿ ಕುಳಿತವರು ಸಾಧನವನ್ನು ಕಣ್ಣಾರೆ ಕಾಣರು. ಏಜೆಂಟ್ ಹೇಳಿದ್ದೇ ಅವರಿಗೆ ಪ್ರಮಾಣ. ಆದಕಾರಣ ಅದು ಉತ್ತರಿಸುತ್ತದೆಯೇ ಎಂದು ನೋಡಿದರೆ ಸಾಲದು, ಉತ್ತರವು ದಿಟವೇ ಎಂದು ಪರೀಕ್ಷಿಸಬೇಕು.

ಇಲ್ಲಿ ಪ್ರತಿಯೊಂದು ಮಾಹಿತಿಗೂ ಚುಕ್ಕಿಗಳಿಂದ ಬೇರ್ಪಟ್ಟ ಸಂಖ್ಯೆಗಳ ಹೆಸರುಂಟು. ‘ಇದರ ಮುಂದಿನದು ಯಾವುದು?’ ಎಂದು ಕೇಳುತ್ತ ಕೇಳುತ್ತ ಕೇಂದ್ರವು ಇಡೀ ಪಟ್ಟಿಯನ್ನು ಓದಿ ಮುಗಿಸುತ್ತದೆ. ಕ್ರಮ ನಿಘಂಟಿನದೇ; ಆದರೆ ಹೋಲಿಸಬೇಕಾದುದು ಅಕ್ಷರಗಳನ್ನಲ್ಲ, ಸಂಖ್ಯೆಗಳನ್ನು. 2ರ ಬಳಿಕವೇ 10 ಬರಬೇಕು. ಅಂಕಿಗಳನ್ನು ಅಕ್ಷರಗಳಂತೆ ಹೋಲಿಸುವ ಏಜೆಂಟಿನಲ್ಲಿ 10 ಮುಂದಾಗಿ, ಪಟ್ಟಿ ಹಿಮ್ಮುಖವಾಗಿ ತಿರುಗುತ್ತದೆ. ಒಂಬತ್ತು ಪೋರ್ಟುಗಳ ಸಾಧನದಲ್ಲಿ ಈ ದೋಷ ಕಾಣಿಸದೆ, ಹತ್ತನೆಯದು ಸೇರಿದಾಗ ಹೊರಬೀಳುವುದುಂಟು.

ಇದಕ್ಕಿಂತ ಗೂಢವಾದುದು ಎಣಿಕೆಯ ತೊಡಕು. 32 ಬಿಟ್ಟಿನ ಎಣಿಕೆ 4,29,49,67,295ನ್ನು ಮುಟ್ಟಿ ಸೊನ್ನೆಗೆ ಮರಳುತ್ತದೆ. ಸೆಕೆಂಡಿಗೆ 100 ಮೆಗಾಬಿಟ್ ವೇಗದ ಸಂಪರ್ಕ ತುಂಬಿ ಹರಿದರೆ ಈ ಸುತ್ತು ಆರು ನಿಮಿಷದೊಳಗೆ ಮುಗಿಯುತ್ತದೆ. ಹತ್ತು ನಿಮಿಷಕ್ಕೊಮ್ಮೆ ಕೇಳುವ ಕೇಂದ್ರಕ್ಕೆ ಒಂದು ಸುತ್ತು ಕಳೆದದ್ದೇ ತಿಳಿಯದು. ಆದ್ದರಿಂದಲೇ 20 ಮೆಗಾಬಿಟ್ ಮೀರಿದ ಸಂಪರ್ಕಗಳಿಗೆ 64 ಬಿಟ್ಟಿನ ಬೈಟ್ ಎಣಿಕೆ ಕಡ್ಡಾಯವಾಯಿತು. ಅಲ್ಲಿಗೂ ಚಿಂತೆ ತೀರದು. ಸಣ್ಣ ಸಾಧನದ 32 ಬಿಟ್ ಪ್ರೊಸೆಸರ್ ಅದನ್ನು ಎರಡು ತುಂಡಾಗಿ ಓದುತ್ತದೆ. ಮೇಲಿನ ಅರ್ಧವನ್ನು ಓದಿ ಕೆಳಗಿನದನ್ನು ಓದುವಷ್ಟರಲ್ಲಿ ದಶಕ ಏರಿದಂತೆ ಎಣಿಕೆ ಏರಿಬಿಟ್ಟರೆ, ಉತ್ತರದಲ್ಲಿ ಒಮ್ಮೆಲೇ 429 ಕೋಟಿ ಬೈಟುಗಳ ವ್ಯತ್ಯಾಸ!

ನಡೆದ ಕಾಲದ ಲೆಕ್ಕವೂ ಹೀಗೆಯೇ. ಅದು ಸೆಕೆಂಡಿನ ನೂರನೆಯ ಒಂದಂಶದಲ್ಲಿ ಬೆಳೆದು, ಸುಮಾರು 497 ದಿನಗಳಿಗೆ ಸೊನ್ನೆಯಾಗುತ್ತದೆ. ಕೇಂದ್ರವು ಸಾಧನ ಆರಿ ಹೊತ್ತಿತೆಂದು ಭಾವಿಸಬಹುದು. ಪ್ರಯೋಗಶಾಲೆಯಲ್ಲಿ ಅಷ್ಟು ದಿನ ಕಾಯುವವರಾರು? ಲಿನಕ್ಸ್ ಕರ್ನೆಲ್ ರಚಿಸಿದವರು ಇಂಥದ್ದಕ್ಕೆ ಸೊಗಸಾದ ಉಪಾಯ ಕಂಡುಕೊಂಡರು: ಅದರ ಒಳಗಡಿಯಾರದ 32 ಬಿಟ್ಟಿನ ಎಣಿಕೆ ಸೊನ್ನೆಯಿಂದಲ್ಲ, ಸುತ್ತು ಮುಗಿಯಲು ಐದು ನಿಮಿಷ ಉಳಿದಿರುವಲ್ಲಿಂದ ಆರಂಭವಾಗುತ್ತದೆ. ದೋಷವಿದ್ದರೆ ಯಂತ್ರ ಹೊತ್ತಿದ ಐದೇ ನಿಮಿಷಕ್ಕೆ ಬಯಲು. ಏಜೆಂಟಿನ ಪರೀಕ್ಷಕರೂ ಎಣಿಕೆಗಳನ್ನು ಅಂಚಿಗೆ ತಂದಿಟ್ಟೇ ನೋಡಬೇಕು.

ಸರಿಯಾದ ಪ್ರಶ್ನೆಗಳ ಮಾತು ಇದಾಯಿತು. ತಪ್ಪು ಪ್ರಶ್ನೆ ಬಂದರೆ? ಎಸ್‌ಎನ್‌ಎಂಪಿ ಸಂದೇಶದ ಪ್ರತಿ ಭಾಗವೂ ತನ್ನ ಉದ್ದವನ್ನು ತಾನೇ ಸಾರುತ್ತದೆ. ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದ ಸಂಶೋಧಕರು ಸುಳ್ಳು ಉದ್ದಗಳುಳ್ಳ, ವಿಕೃತವಾದ ಸಾವಿರಾರು ಸಂದೇಶಗಳನ್ನು ಹೆಣೆದು ಹಲವು ತಯಾರಕರ ಸಾಧನಗಳಿಗೆ ಕಳುಹಿಸಿದರು. ಅನೇಕವು ಕುಸಿದುಬಿದ್ದವು. 2002ರ ಫೆಬ್ರವರಿಯಲ್ಲಿ ಅಮೆರಿಕದ ಸರ್ಟ್ ಸಂಸ್ಥೆ ಈ ಕುರಿತು ಎಚ್ಚರಿಕೆಯನ್ನು ಹೊರಡಿಸಿತು. ಗುಪ್ತಪದ ಸರಿಯೇ ಎಂದು ನೋಡಬೇಕಾದರೂ ಏಜೆಂಟ್ ಮೊದಲು ಸಂದೇಶವನ್ನು ಬಿಡಿಸತೊಡಗಬೇಕು. ಬಿಡಿಸುವಾಗಲೇ ಮುಗ್ಗರಿಸಿದರೆ ಗುಪ್ತಪದದ ಕಾವಲು ವ್ಯರ್ಥ.

ಕೊನೆಯದಾಗಿ, ಏಜೆಂಟ್ ಸಾಧನದ ಮುಖ್ಯ ಕಸುಬಲ್ಲ. ರಾತ್ರಿಯಿಡೀ ಪ್ರಶ್ನೆಗಳನ್ನು ಸುರಿದು, ಬೆಳಗಾದಾಗ ಉಳಿದ ಮೆಮೊರಿ ಎಷ್ಟೆಂದು ಅಳೆಯಬೇಕು. ಆ ರಾತ್ರಿ ರೂಟರ್ ಎಷ್ಟು ಪ್ಯಾಕೆಟ್ಟುಗಳನ್ನು ಕೈಬಿಟ್ಟಿತೆಂಬುದನ್ನೂ ಎಣಿಸಬೇಕು, ಆದರೆ ಏಜೆಂಟಿನ ಬಾಯಿಂದಲ್ಲ, ಹೊರಗಿನ ಅಳತೆಯಂತ್ರದಿಂದ.