ಜಾವಾ ಗಂಟಲಿನ ಸಣ್ಣ ತೂತು

ಭಾನುವಾರದ ಬೆಳಿಗ್ಗೆ ರಾಜಾಜಿನಗರದ ಯಾವುದಾದರೊಂದು ಅಡ್ಡರಸ್ತೆಯಲ್ಲಿ ‘ಡುಗ್ ಡುಗ್’ ಸದ್ದು ಕೇಳಿದರೆ ಐವತ್ತು ದಾಟಿದವರ ಕಿವಿ ನೆಟ್ಟಗಾಗುತ್ತದೆ. ‘ಜಾವಾ ಬಂತು’ ಎಂದು ಗೇಟಿನ ಬಳಿ ಬಂದು ಇಣುಕುವವರೂ ಉಂಟು. ಆದರೆ ತಾತನ ಕಾಲದ ಗಾಡಿಯನ್ನು ಶೆಡ್ಡಿನಿಂದ ಹೊರತೆಗೆದು ಓಡಿಸಲು ಹೊರಟ ಮೊಮ್ಮಗನಿಗೆ ಮೊದಲು ಎದುರಾಗುವ ತೊಡಕು ಕಾರ್ಬುರೇಟರಿನದು. ವರ್ಷಗಟ್ಟಲೆ ನಿಂತ ಪೆಟ್ರೋಲ್ ಆರಿ ಅಂಟಾಗಿರುತ್ತದೆ. ಒಳಗಿನ ಸ್ಲೈಡ್ ಸವೆದಿರುತ್ತದೆ. ‘ಬೇರೆ ಹಾಕಿಬಿಡಿ’ ಎಂಬ ಸಲಹೆ ಸುಲಭ. ತರುವುದು ಎಲ್ಲಿಂದ?

ಕೆಂಗೇರಿ ದಾಟಿ ಸಾಗುವ ರಸ್ತೆಯ ಆ ತುದಿಯಲ್ಲಿ, ಮೈಸೂರಿನ ಯಾದವಗಿರಿಯಲ್ಲಿ, ಐಡಿಯಲ್ ಜಾವಾ ಕಾರ್ಖಾನೆ ಇತ್ತು. ಝೆಕ್ ದೇಶದ ಜಾವಾ ಮೋಟಾರ್ ಸೈಕಲ್ ಅಲ್ಲಿ 1961ರಿಂದ ತಯಾರಾಗತೊಡಗಿತು. ಎಪ್ಪತ್ತರ ದಶಕದಲ್ಲಿ ಅದೇ ವಂಶದ ಗಾಡಿಗೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. 2018ರಲ್ಲಿ ಜಾವಾ ಹೆಸರು ಮತ್ತೆ ಮಾರುಕಟ್ಟೆಗೆ ಬಂದರೂ ಆ ಹೊಸ ಗಾಡಿಗಳಲ್ಲಿ ಕಾರ್ಬುರೇಟರೇ ಇಲ್ಲ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ವ್ಯವಸ್ಥೆ ಇದೆ. ಹೀಗಾಗಿ ಹಳೆಯ ಗಾಡಿಯವರು ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳನ್ನೂ ಶಿವಾಜಿನಗರದ ಗುಜರಿಯನ್ನೂ ಸುತ್ತಬೇಕು. ಅಲ್ಲಿ ಸಿಗುವುದು ಮೂರು ಬಗೆ: ಸವೆದ ಹಳೆಯ ಜಿಕೋವ್, ಅದರಂತೆಯೇ ಕಾಣುವ ನಕಲು, ಇಲ್ಲವೇ ಬೇರೆ ಗಾಡಿಯ ಕಾರ್ಬುರೇಟರ್. ಬೋಲ್ಟ್ ಕೂತರೆ ಸಾಕು ಎಂದು ಕೊಂಡು ತರುವವರೇ ಹೆಚ್ಚು. ತಪ್ಪುವುದು ಇಲ್ಲೇ.

ಕಾರ್ಬುರೇಟರಿನ ಕೆಲಸವಾದರೂ ಏನು? ಗಾಳಿಗೆ ಪೆಟ್ರೋಲನ್ನು ಹದವಾಗಿ ಬೆರೆಸುವುದು. ಅದರೊಳಗೆ ಗಾಳಿಯ ಹಾದಿ ನಡುವೆ ಕಿರಿದಾಗುತ್ತದೆ. ಕಿರಿದಾದೆಡೆ ಗಾಳಿಯ ವೇಗ ಹೆಚ್ಚು, ವೇಗ ಹೆಚ್ಚಿದೆಡೆ ಒತ್ತಡ ಕಡಿಮೆ. ಇದು 1738ರಲ್ಲಿ ಪ್ರಕಟವಾದ ಬರ್ನೌಲಿಯ ತತ್ತ್ವ. ಪಠ್ಯಪುಸ್ತಕದಲ್ಲಿ ಎಲ್ಲರೂ ಓದಿರುವುದೇ. ಪಕ್ಕದ ಪುಟ್ಟ ತೊಟ್ಟಿಯಲ್ಲಿರುವ ಪೆಟ್ರೋಲ್ ಈ ಕಡಿಮೆ ಒತ್ತಡದ ಕಡೆಗೆ ಏರಿ ತುಂತುರಾಗಿ ಗಾಳಿಯೊಡನೆ ಸೇರುತ್ತದೆ. ತೊಟ್ಟಿಯ ಮಟ್ಟವನ್ನು ಕಾಯುವುದು ಫ್ಲೋಟ್, ಥೇಟ್ ಮನೆಯ ನೀರಿನ ಟ್ಯಾಂಕಿನ ಬಾಲ್ ವಾಲ್ವಿನ ಹಾಗೆ. ಎಷ್ಟು ಪೆಟ್ರೋಲ್ ಏರಬೇಕೆಂದು ನಿರ್ಧರಿಸುವುದು ಜೆಟ್ ಎಂಬ ಹಿತ್ತಾಳೆಯ ತುಣುಕಿನ ತೂತು.

ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಈ ಹದವನ್ನು ಕಾಯುವ ತೂತಿನ ಅಗಲ ಸುಮಾರು ಒಂದು ಮಿಲಿಮೀಟರ್. ಕಟ್ಟಿಕೊಂಡಿದೆ ಎಂದು ಉಕ್ಕಿನ ತಂತಿಯಿಂದ ಕೆರೆದು ಅದನ್ನು 1.1 ಮಿ.ಮೀ. ಮಾಡಿದರೆಂದುಕೊಳ್ಳಿ. ಹೆಚ್ಚಿದ್ದು ಕೂದಲೆಳೆಯಷ್ಟು. ಆದರೆ ವೃತ್ತದ ವಿಸ್ತೀರ್ಣ ವ್ಯಾಸದ ವರ್ಗಕ್ಕೆ ಅನುಗುಣ, 1.1ರ ವರ್ಗ 1.21. ಅಂದರೆ ಪೆಟ್ರೋಲಿನ ದಾರಿ ಶೇ 21ರಷ್ಟು ದೊಡ್ಡದಾಯಿತು! ಹೊಗೆ ಕಪ್ಪಾಗುತ್ತದೆ, ಮೈಲೇಜ್ ಬೀಳುತ್ತದೆ, ಪ್ಲಗ್ಗಿಗೆ ಮಸಿ ಕಟ್ಟುತ್ತದೆ.

ತೂತು ಚಿಕ್ಕದಾದರೆ ಅಪಾಯ ಇನ್ನೂ ದೊಡ್ಡದು. ಈ ಗಾಡಿಗಳದ್ದು ಎರಡು ಸ್ಟ್ರೋಕಿನ ಇಂಜಿನ್. ಅದಕ್ಕೆ ಬೇಕಾದ ಆಯಿಲನ್ನು ಪೆಟ್ರೋಲಿನಲ್ಲೇ ಬೆರೆಸಿ ಹಾಕುತ್ತಾರೆ. ಪೆಟ್ರೋಲ್ ಕಡಿಮೆಯಾದರೆ ಇಂಜಿನ್ ಕಾಯುತ್ತದೆ, ಜೊತೆಗೆ ಆಯಿಲೂ ಕಡಿಮೆಯಾಗುತ್ತದೆ. ಉಬ್ಬಿದ ಪಿಸ್ಟನ್ ಸಿಲಿಂಡರಿನಲ್ಲಿ ಕಚ್ಚಿಕೊಂಡರೆ ಓಡುತ್ತಿರುವ ಗಾಡಿಯ ಹಿಂದಿನ ಚಕ್ರ ಹಠಾತ್ತನೆ ಬಿಗಿದು ನಿಲ್ಲುತ್ತದೆ. ಆ ಕ್ಷಣದಲ್ಲಿ ಕ್ಲಚ್ ಹಿಡಿಯದಿದ್ದರೆ ಸವಾರ ಬಿದ್ದಂತೆಯೇ. ‘ಹೇಗೋ ಸ್ಟಾರ್ಟ್ ಆಯಿತಲ್ಲ’ ಎಂದು ಮಗನ ಕೈಗೆ ಬೀಗದಕೈ ಕೊಡುವ ತಂದೆ ಇದನ್ನು ಯೋಚಿಸಬೇಕು.

ಇದರ ಜೊತೆಗೆ ಇನ್ನೆರಡು ಸಂಗತಿಗಳಿವೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಹತ್ತರಲ್ಲೊಂದು ಪಾಲು ಕಡಿಮೆ. ಮಂಗಳೂರಿನಲ್ಲಿ ಹದಮಾಡಿದ ಕಾರ್ಬುರೇಟರ್ ಇಲ್ಲಿ ತುಸು ಹೆಚ್ಚೇ ಪೆಟ್ರೋಲ್ ಕುಡಿಯುತ್ತದೆ. ಇನ್ನೊಂದು, ಪೆಟ್ರೋಲೇ ಬದಲಾಗಿದೆ. 2025ರ ಹೊತ್ತಿಗೆ ಅದರಲ್ಲಿ ಎಥನಾಲ್ ಪ್ರಮಾಣ ಶೇ 20 ಮುಟ್ಟಿತು. ಎಥನಾಲಿನಲ್ಲಿ ಆಮ್ಲಜನಕ ಇರುವುದರಿಂದ ಅದು ಉರಿಯಲು ಕಡಿಮೆ ಗಾಳಿ ಸಾಕು. ಹಾಗಾಗಿ ಹಳೆಯ ಜೆಟ್ಟಿನಲ್ಲಿ ಹರಿಯುವ ಇಂಧನ ಈಗ ಕಡಿಮೆಯೆನಿಸುತ್ತದೆ. ಅದು ನೀರನ್ನೂ ಹೀರುತ್ತದೆ, ಹಳೆಯ ರಬ್ಬರನ್ನೂ ಕೆಡಿಸುತ್ತದೆ. ಗಾಡಿಯನ್ನು ವಾರಗಟ್ಟಲೆ ನಿಲ್ಲಿಸುವಾಗ ಕಾರ್ಬುರೇಟರಿನ ತೊಟ್ಟಿ ಬರಿದುಮಾಡುವುದು ಒಳ್ಳೆಯದು.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಹಳೆಯ ಕಾರ್ಬುರೇಟರನ್ನು ಗುಜರಿಗೆ ಹಾಕಬಾರದು. ಅದರ ದೇಹ ಸವೆದಿದ್ದರೂ ಗಂಟಲಿನ ಅಗಲ ಎಷ್ಟು, ಜೆಟ್ ನಂಬರ್ ಎಷ್ಟು ಎಂಬ ಲೆಕ್ಕ ಅದರಲ್ಲೇ ಉಳಿದಿರುತ್ತದೆ. ಒಳಗೋಡೆಯನ್ನು ಕೊರೆಸಿ, ಅದಕ್ಕೆ ಹೊಂದುವ ಹೊಸ ಸ್ಲೈಡ್ ಮಾಡಿಸಿ ಹಳೆಯದನ್ನೇ ಉಳಿಸಿಕೊಳ್ಳಲೂ ಬರುತ್ತದೆ. ರಾಜಾಜಿನಗರ ಕೈಗಾರಿಕಾ ಎಸ್ಟೇಟ್, ಕಾಮಾಕ್ಷಿಪಾಳ್ಯದಂಥ ಕಡೆ ಲೇತ್ ಕೆಲಸಕ್ಕೆ ಬರವಿಲ್ಲ. ಬೇರೆಯದನ್ನೇ ಹಾಕುವುದಾದರೆ ನಂಬರನ್ನು ಕುರುಡಾಗಿ ನಂಬಬಾರದು. ಕೆಲವು ಕಂಪನಿಗಳ ನಂಬರ್ ತೂತಿನ ವ್ಯಾಸವನ್ನು ಮಿಲಿಮೀಟರಿನ ನೂರನೇ ಭಾಗದಲ್ಲಿ ಹೇಳುತ್ತದೆ, ಕೆಲವದು ಹರಿವಿನ ಪ್ರಮಾಣವನ್ನು. ಎರಡರಲ್ಲೂ 100 ಎಂದಿದ್ದರೆ ಎರಡೂ ಒಂದೇ ಅಲ್ಲ.

ಜೋಡಿಸಿದ ಮೇಲೆ ಸ್ವಲ್ಪ ದೂರ ಓಡಿಸಿ, ಇಂಜಿನ್ ಆರಿದ ಮೇಲೆ ಪ್ಲಗ್ ಬಿಚ್ಚಿ ನೋಡಬೇಕು. ತುದಿ ತಿಳಿಗಂದು ಬಣ್ಣಕ್ಕಿದ್ದರೆ ಹದ ಸರಿ. ಕಪ್ಪು ಮಸಿಯಿದ್ದರೆ ಪೆಟ್ರೋಲ್ ಹೆಚ್ಚು. ಬೆಳ್ಳಗಾಗಿದ್ದರೆ ಕಡಿಮೆ, ಆ ಗಾಡಿಯನ್ನು ರಸ್ತೆಗೆ ಇಳಿಸಲೇಬಾರದು.

ನಂಬರ್ ಅಳಿಸಿಹೋದ ಜೆಟ್ಟಿಗೆ ದಾರಿ ಶಾಲೆಯ ಪ್ರಯೋಗಾಲಯದಲ್ಲೇ ಇದೆ. ಬೇರೆ ಬೇರೆ ದಪ್ಪದ ಮೆತ್ತನೆಯ ತಾಮ್ರದ ತಂತಿಗಳನ್ನು ತೂತಿನಲ್ಲಿ ಒತ್ತದೆ ತೂರಿಸಿ ನೋಡಿ, ಸಲೀಸಾಗಿ ಹಿಡಿಸುವ ದಪ್ಪನೆಯದನ್ನು ಆರಿಸಿ, ಅದನ್ನು ಸ್ಕ್ರೂ ಗೇಜಿನಲ್ಲಿ ಅಳೆಯಬೇಕು. ಸ್ಕ್ರೂ ಗೇಜಿನ ಕನಿಷ್ಠ ಅಳತೆ 0.01 ಮಿ.ಮೀ. ವ್ಯಾಸ ಹೇಳುವ ಜೆಟ್ ನಂಬರಿನ ಒಂದು ಅಂಕವೂ ಅಷ್ಟೇ! ಸಿಕ್ಕ ಅಳತೆಯನ್ನು ಗಾಡಿಯ ಆರ್.ಸಿ. ಪುಸ್ತಕದ ಜೊತೆ ಬರೆದಿಟ್ಟರೆ ಮುಂದೆ ಆ ಗಾಡಿ ಬಿಚ್ಚುವವರಿಗೆ ನೆರವಾದೀತು. ಕೇಳಿ ತಿಳಿಯೋಣವೆಂದರೆ ಯಾದವಗಿರಿಯ ಕಾರ್ಖಾನೆ ಈಗ ಇಲ್ಲ.